ಕೈಯಳತೆಯ ಅಡುಗೆ: ಪುಸ್ತಕ ಮುಚ್ಚಿಟ್ಟು ಹದ ಹಿಡಿಯಲು ಕಲಿಯುವ ಬಗೆ

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆಯ ಮಳೆಯೂರಿನಲ್ಲಿ, ಮದುವೆಯಾಗಿ ಬಂದದ್ದು ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಗೆ, ಈಗ ಇರುವುದು ಹಾಸನದಲ್ಲಿ. ತವರಿನಲ್ಲಿ ಬೆಳಗಾದರೆ ಅಕ್ಕಿ ಕಡುಬು ಅಥವಾ ಅಕ್ಕಿ ರೊಟ್ಟಿ. ಅತ್ತೆಯ ಮನೆಯಲ್ಲಿ ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳು. ಊಟದಲ್ಲಿ ಇಷ್ಟು ದೂರವಿದ್ದ ಈ ಎರಡು ಮನೆಗಳಿಗೂ ಒಂದು ಸಮಾನ ಗುಣವಿತ್ತು: ಎರಡರಲ್ಲಿಯೂ ಅಳತೆಯ ಚಮಚವೆಂಬುದು ಇರಲಿಲ್ಲ. ಹೊಸದಾಗಿ ಬಂದಾಗ ನಾನು, "ಉಪ್ಪು ಎಷ್ಟು ಹಾಕಬೇಕು ಅತ್ತೆ?" ಎಂದು ಕೇಳಿದರೆ, "ಹದ ನೋಡ್ಕೊಂಡು ಹಾಕಮ್ಮ" ಎಂಬ ಉತ್ತರ ಮಾತ್ರ ಬರುತ್ತಿತ್ತು. ಆ ಮಾತಿನೊಳಗೆ ಎಷ್ಟು ತಿಳಿವಳಿಕೆ ಅಡಗಿದೆ ಎಂದು ಅರ್ಥವಾಗಲು ನನಗೆ ಹಲವು ವರ್ಷಗಳೇ ಬೇಕಾದವು. ಹದ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವಿದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಒಂದೇ ಸಂತೆಯಲ್ಲಿ ಒಂದೇ ರಾಶಿಯಿಂದ ಸೊಪ್ಪು ಕೊಂಡು, ಒಂದೇ ಅಂಗಡಿಯ ಬೇಳೆ ತಂದು ಸಾರು ಮಾಡುವ ಹತ್ತು ಮನೆಗಳಲ್ಲಿ ಹತ್ತು ರುಚಿ ಬರುತ್ತದೆ. ನಾವು ಅದನ್ನು ಕೈರುಚಿ ಎನ್ನುತ್ತೇವೆ. ಬೆಳ್ಳುಳ್ಳಿಯನ್ನು ಎಷ್ಟು ಹೊತ್ತು ಬಾಡಿಸುವುದು, ಹುಳಿಯನ್ನು ಯಾವಾಗ ಬಿಡುವುದು, ಕಾಯಿಯನ್ನು ಎಷ್ಟು ನುಣ್ಣಗೆ ರುಬ್ಬುವುದು ಎಂಬಂಥ ಸಣ್ಣ ತೀರ್ಮಾನಗಳು ಸೇರಿ ಒಬ್ಬರ ಕೈರುಚಿಯಾಗುತ್ತವೆ. ಹಾಡುವವರಿಗೆ ಕಂಠವಿದ್ದಂತೆ ಅಡುಗೆ ಮಾಡುವವರಿಗೆ ಇದು. ಬೇರೆಯವರ ಅಳತೆಯನ್ನು ಅಕ್ಷರಶಃ ಪಾಲಿಸುವವರೆಗೂ ಅದು ಹೊರಗೆ ಬರಲು ಅವಕಾಶವಾಗುವುದಿಲ್ಲ.

ಮೊದಲ ಹೆಜ್ಜೆ: ಒಂದೇ ಅಡುಗೆಯನ್ನು ಹಿಡಿದುಕೊಳ್ಳುವುದು

ದಿನಕ್ಕೊಂದು ಹೊಸ ಅಡುಗೆ ಮಾಡುತ್ತಾ ಹೋದವರಿಗೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಹದ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ವಾರಕ್ಕೆ ಎರಡು ಬಾರಿಯಾದರೂ ಮಾಡಿದರೆ ಯಾರೂ ಬೇಸರಪಡದ ಒಂದು ಅಡುಗೆಯನ್ನು ಆರಿಸಿಕೊಂಡು, ಎರಡು ತಿಂಗಳು ಅದನ್ನೇ ಮಾಡಿರಿ. ಬಸ್ಸಾರನ್ನು ಆರಿಸಿಕೊಳ್ಳಲು ನಾನು ಸಲಹೆ ಕೊಡುತ್ತೇನೆ, ಏಕೆಂದರೆ ಬೇಯಿಸುವುದು, ಬಸಿಯುವುದು, ಹುರಿಯುವುದು, ರುಬ್ಬುವುದು, ಕುದಿಸುವುದು, ಒಗ್ಗರಣೆ ಕೊಡುವುದು ಎಲ್ಲವೂ ಅದೊಂದರಲ್ಲೇ ಬರುತ್ತವೆ. ಜೊತೆಗೆ ಪಲ್ಯವೂ ಸಿಗುತ್ತದೆ.

ಕಲಿಯುವ ದಿನಗಳಲ್ಲಿ ಕುಕ್ಕರನ್ನು ಪಕ್ಕಕ್ಕಿಡುವುದು ಒಳ್ಳೆಯದು. ಕುಕ್ಕರ್ ಸಮಯ ಉಳಿಸುತ್ತದೆ, ಆದರೆ ಒಳಗೆ ಏನಾಗುತ್ತಿದೆ ಎಂಬುದನ್ನು ಮರೆಮಾಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ನೋಡಿದವರಿಗೆ ಮೊದಲು ನೊರೆ ಏಳುವುದು, ಬೇಳೆಯ ಅಂಚು ಮಸುಕಾಗುವುದು, ಆಮೇಲೆ ಬೆರಳಲ್ಲಿ ಹಿಸುಕಿದರೆ ಹೊರಗೆ ಮೆತ್ತಗಾಗಿ ನಡುವೆ ಮಾತ್ರ ಗಟ್ಟಿ ಉಳಿಯುವುದು ತಿಳಿಯುತ್ತದೆ. ಸೊಪ್ಪು ಹಾಕಬೇಕಾದದ್ದು ಆ ನಡುವಿನ ಗಟ್ಟಿ ಇನ್ನೂ ಉಳಿದಿರುವಾಗಲೇ. ಹಾಸನ, ಚಿಕ್ಕಮಗಳೂರುಗಳು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನ ಅಡುಗೆಯವರು ಹೇಳಿದಷ್ಟೇ ಹೊತ್ತಿನಲ್ಲಿ ನಮ್ಮ ಬೇಳೆ ಬೇಯದಿದ್ದರೆ ಅದು ಬೇಳೆಯ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಗಡಿಯಾರಕ್ಕಿಂತ ಬೆರಳನ್ನು ನಂಬಬೇಕೆಂದು ಹಿರಿಯರು ಹೇಳುವುದಕ್ಕೆ ಇಂಥ ಕಾರಣಗಳಿವೆ.

ಎರಡನೆಯ ಹೆಜ್ಜೆ: ನಿಮ್ಮ ಕೈಯನ್ನು ನೀವೇ ತೂಗುವುದು

ಕೈಯಳತೆ ಎಂದರೆ ಅಳತೆಯೇ ಇಲ್ಲದಿರುವುದು ಎಂದು ಅನೇಕರು ತಿಳಿದಿದ್ದಾರೆ. ನನ್ನ ಅತ್ತೆಯ ಕೈಯಲ್ಲಿ ಬರುತ್ತಿದ್ದ ಉಪ್ಪನ್ನು ಒಮ್ಮೆ ಕುತೂಹಲದಿಂದ ತೂಗಿ ನೋಡಿದ್ದೆ. ಬಾರಿಬಾರಿಗೂ ಹೆಚ್ಚುಕಡಿಮೆ ಒಂದೇ ತೂಕ ಬಂದಿತು. ಅವರ ಕೈಗೆ ಅಳತೆ ಗೊತ್ತಿತ್ತು, ಬಾಯಿಗೆ ಅದನ್ನು ಹೇಳುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ.

ಆದ್ದರಿಂದ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಮೂರು ಬೆರಳಿನ ಚಿಟಿಕೆಯಿಂದ ಹತ್ತು ಬಾರಿ ಉಪ್ಪು ಹಾಕಿ, ಬಂದ ತೂಕವನ್ನು ಹತ್ತರಿಂದ ಭಾಗಿಸಿರಿ. ಅದು ನಿಮ್ಮ ಚಿಟಿಕೆ. ಹಾಗೆಯೇ ಐದು ಬೆರಳಿನ ಹಿಡಿ, ಅಂಗೈಯ ಕುಳಿ, ಮನೆಯ ಸೌಟು ಇವುಗಳನ್ನೂ ತೂಗಿ ನೋಡಿರಿ. ಒಂದು ಲೀಟರ್ ಸಾರಿಗೆ ಸಾಮಾನ್ಯವಾಗಿ 8ರಿಂದ 10 ಗ್ರಾಂ ಉಪ್ಪು ಹಿಡಿಯುತ್ತದೆ ಎಂಬ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ, ನಿಮ್ಮ ಕೈಗೆ ಅದು ಎಷ್ಟು ಚಿಟಿಕೆ ಎಂಬುದು ತಾನಾಗಿ ತಿಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಹರಳುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ತೂಗುವುದಿಲ್ಲ. ಹರಳುಗಳ ನಡುವೆ ಗಾಳಿ ಉಳಿಯುವುದರಿಂದ ಹರಳುಪ್ಪಿನ ಚಮಚ ಹಗುರ. ಹಳ್ಳಿಯ ಮನೆಯಲ್ಲಿ ಹರಳುಪ್ಪಿನಿಂದ ಕಲಿತ ಕೈ ಪಟ್ಟಣಕ್ಕೆ ಬಂದು ಪುಡಿಯುಪ್ಪು ಹಾಕಿದಾಗ ಸಾರು ಉಪ್ಪಾಗುವುದು ಇದರಿಂದಲೇ. ಕಲಿಯುವಾಗ ಒಂದೇ ಬಗೆಯ ಉಪ್ಪನ್ನು ಬಳಸಿರಿ. ಹುಣಸೆಹಣ್ಣಿಗೆ ನಿಂಬೆಗಾತ್ರ, ಬೆಲ್ಲಕ್ಕೆ ಗೋಲಿಗಾತ್ರ, ಶುಂಠಿಗೆ ಬೆರಳಿನ ಗೆಣ್ಣು ಎಂಬ ಹಳೆಯ ಅಳತೆಗಳು ಕಣ್ಣಿಗೆ ಸಂಬಂಧಿಸಿದವು. ಅವುಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಬಸ್ಸಾರಿನ ಮೇಲೆ ಕೈ ಪಳಗಿಸುವುದು

ನಾಲ್ಕು ಜನರಿಗೆ ಸುಮಾರು 150 ಗ್ರಾಂ ತೊಗರಿಬೇಳೆ, ಎರಡು ದೊಡ್ಡ ಕಟ್ಟು ಸೊಪ್ಪು ಸಾಕು. ದಂಟು, ಕೀರೆ, ಹೊನಗೊನೆ, ಗಣಿಕೆ, ಚಕ್ಕೋತ ಯಾವುದಾದರೂ ಆದೀತು, ಬೆರಕೆ ಸೊಪ್ಪಾದರೆ ಇನ್ನೂ ಒಳ್ಳೆಯದು. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಅದು ಬಣ್ಣ ಕಳೆದುಕೊಳ್ಳುವ ಮೊದಲೇ ಇಳಿಸಿ ಬಸಿಯಬೇಕು. ಬಸಿದ ನೀರನ್ನು, ಅಂದರೆ ಕಟ್ಟನ್ನು, ಒಮ್ಮೆ ಬಾಯಿಗೆ ಹಾಕಿಕೊಳ್ಳಿರಿ. ಉಪ್ಪು, ಹುಳಿ, ಖಾರ ಯಾವುದೂ ಸೇರದ ಆ ನೀರಿಗೆ ಇರುವ ಸಿಹಿ, ಮಣ್ಣಿನ ಪರಿಮಳ, ಸೊಪ್ಪಿನ ಒಗರು ಇವೇ ಇಂದಿನ ಸಾರಿನ ಬುನಾದಿ. ದಂಟಿನ ಕಟ್ಟು ಸಿಹಿಯಾಗಿರುತ್ತದೆ, ಗಣಿಕೆಯ ಕಟ್ಟಿನಲ್ಲಿ ಸಣ್ಣ ಕಹಿ ಇರುತ್ತದೆ. ಸಿಹಿ ಇದ್ದರೆ ಹುಳಿಯನ್ನು ತುಸು ಮುಂದೆ ಮಾಡಬೇಕು, ಕಹಿ ಇದ್ದರೆ ಕಾಯಿಯನ್ನು. ಈ ಒಂದು ತೀರ್ಮಾನವನ್ನು ನಿಮ್ಮ ನಾಲಿಗೆಯಿಂದಲೇ ತೆಗೆದುಕೊಂಡ ದಿನ ನೀವು ಕೈಯಳತೆಯ ಅಡುಗೆಗೆ ಕಾಲಿಟ್ಟಂತೆ.

ರುಬ್ಬುವುದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ, ಹುಣಸೆ, ಮತ್ತು ಬೆಂದ ಬೇಳೆ-ಸೊಪ್ಪಿನ ಒಂದು ಹಿಡಿ. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು, ಉಳಿದ ಬೇಳೆ-ಸೊಪ್ಪು ಪಲ್ಯಕ್ಕೆ. ಹುಣಸೆಯನ್ನು ಬೇಳೆಯ ಜೊತೆ ಮೊದಲೇ ಬೇಯಿಸಬಾರದು. ಹುಳಿ ಸೇರಿದರೆ ಬೇಳೆಯಾಗಲಿ ಕಾಳಾಗಲಿ ಬೇಗ ಮೆತ್ತಗಾಗುವುದಿಲ್ಲ. ಮೊದಲ ನಾಲ್ಕು ಸಲ ಈ ಸಾಮಗ್ರಿಗಳನ್ನು ಬದಲಿಸದೆ ಮಾಡಿರಿ. ಐದನೆಯ ಸಲದಿಂದ ಪ್ರತಿ ಬಾರಿಗೆ ಒಂದನ್ನು ಮಾತ್ರ ಬದಲಿಸಿರಿ: ಒಮ್ಮೆ ಬೆಳ್ಳುಳ್ಳಿಯನ್ನು ಹಸಿಯಾಗಿ ರುಬ್ಬಿ, ಮತ್ತೊಮ್ಮೆ ಕೆಂಡದಲ್ಲಿ ಸುಟ್ಟು ರುಬ್ಬಿ, ಒಮ್ಮೆ ತೊಗರಿಬೇಳೆಯ ಬದಲು ಅಲಸಂದೆ, ಇನ್ನೊಮ್ಮೆ ಹುರುಳಿ. ಎರಡನ್ನು ಒಟ್ಟಿಗೆ ಬದಲಿಸಿದರೆ ರುಚಿ ಬೇರೆಯಾದದ್ದು ತಿಳಿಯುತ್ತದೆ, ಯಾವುದರಿಂದ ಎಂಬುದು ತಿಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮೂಗು ಮತ್ತು ಕಿವಿಗೆ ಕೆಲಸ ಕೊಡುವುದು

ಹಬ್ಬದಲ್ಲಿ ಎಡೆ ಇಡುವ ದಿನ ನಮ್ಮ ಮನೆಯಲ್ಲಿ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಹಿರಿಯರಿಗೋ ದೇವರಿಗೋ ಎಡೆಯಾದ ಮೇಲೆಯೇ ಮನೆಯವರ ಬಾಯಿಗೆ. ಇಡೀ ಮನೆಯ ನೆಂಟರಿಗೆ ಸಾಲುವಷ್ಟು ಅಡುಗೆಯನ್ನು ನನ್ನ ಅಜ್ಜಿ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸದೆ ಮಾಡಿ ಮುಗಿಸುತ್ತಿದ್ದರು. ಉಪ್ಪನ್ನು ಅವರ ಕೈ ನೋಡಿಕೊಳ್ಳುತ್ತಿತ್ತು. ಉಳಿದದ್ದನ್ನೆಲ್ಲ ಮೂಗು ಮತ್ತು ಕಿವಿ. ಈ ಸಂಪ್ರದಾಯ ನಿಮ್ಮ ಮನೆಯಲ್ಲಿ ಇರಲಿ ಬಿಡಲಿ, ವಾರಕ್ಕೊಮ್ಮೆ ಹೀಗೆ ರುಚಿ ನೋಡದೆ ಅಡುಗೆ ಮಾಡುವುದನ್ನು ಅಭ್ಯಾಸವಾಗಿ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಾಲಿಗೆಗೆ ರಜೆ ಕೊಟ್ಟಾಗ ಉಳಿದ ಇಂದ್ರಿಯಗಳು ಎಚ್ಚರಗೊಳ್ಳುತ್ತವೆ.

ಕೇಳಬೇಕಾದದ್ದು ಬಹಳವಿದೆ. ಸಾಸಿವೆಯೊಳಗಿನ ತೇವ ಬಿಸಿಗೆ ಆವಿಯಾಗಿ ಹೊಟ್ಟನ್ನು ಸಿಡಿಸುವುದರಿಂದ ಚಟಪಟ ಸದ್ದು ಬರುತ್ತದೆ. ಆ ಸದ್ದು ಜೋರಾಗಿ, ನಂತರ ಇಳಿಯತೊಡಗುವ ಕ್ಷಣವೇ ಒಣಮೆಣಸಿನಕಾಯಿ, ಇಂಗು, ಕರಿಬೇವಿಗೆ ಸಮಯ. ಸದ್ದು ಪೂರ್ತಿ ನಿಲ್ಲುವವರೆಗೆ ಕಾದರೆ ಸಾಸಿವೆ ಸೀದು ಕಹಿಯಾಗುತ್ತದೆ. ಈರುಳ್ಳಿ ಬಾಡಿಸುವಾಗ ಮೊದಲು ನೀರಿನ ಚುರುಗುಟ್ಟುವಿಕೆ ಕೇಳುತ್ತದೆ, ನೀರು ಇಂಗಿದಂತೆ ಅದು ತೆಳುವಾಗುತ್ತದೆ, ಕೆಂಪಾಗುವುದು ಅದರ ನಂತರವೇ. ಮುದ್ದೆಯ ಹಿಟ್ಟು ಕುದಿಯುವಾಗ ಮೊದಲು ಸಣ್ಣ ಗುಳ್ಳೆಗಳ ಸದ್ದು, ಆಮೇಲೆ ದಪ್ಪನೆಯ ಗುಳುಗುಳು. ಕೋಲು ಹಾಕಿ ತಿರುವಬೇಕಾದದ್ದು ಎರಡನೆಯದಕ್ಕೆ.

ಮೂಗಿನ ಪಾಠಕ್ಕೆ ಮೆಂತ್ಯಕ್ಕಿಂತ ಒಳ್ಳೆಯ ಗುರುವಿಲ್ಲ. ಒಂದು ಚಮಚ ಮೆಂತ್ಯವನ್ನು ಸಣ್ಣ ಉರಿಯಲ್ಲಿ ಹುರಿಯುತ್ತಾ ಹೋಗಿರಿ. ಹಸಿವಾಸನೆ ಹೋಗಿ ಬೆಲ್ಲದ ಪಾಕದಂಥ ಘಮ ಬರುವ ಒಂದು ಹಂತವಿದೆ. ಅದರ ಬೆನ್ನಿಗೇ, ಬಾಣಲೆಯ ಬಿಸಿಗೇ ಅದು ಕಹಿಗೆ ದಾಟಿಬಿಡುತ್ತದೆ. ಘಮ ಬಂದ ಕ್ಷಣವೇ ತಟ್ಟೆಗೆ ಸುರಿಯುವ ಅಭ್ಯಾಸ ಒಮ್ಮೆ ಕೈಗೆ ಬಂದರೆ, ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು ಎಲ್ಲವನ್ನೂ ಅದೇ ಮೂಗು ಹುರಿದುಕೊಡುತ್ತದೆ.

ಐದನೆಯ ಹೆಜ್ಜೆ: ರುಚಿ ನೋಡುವುದು, ತಿದ್ದುವುದು

ಕುದಿಯುವ ಸಾರನ್ನು ನೇರವಾಗಿ ನಾಲಿಗೆಗೆ ಹಾಕಿಕೊಂಡರೆ ಬಿಸಿ ಮಾತ್ರ ತಿಳಿಯುತ್ತದೆ. ಸೌಟಿನಿಂದ ಎಡ ಅಂಗೈಗೆ ಎರಡು ಹನಿ ಬಿಟ್ಟು, ಆರಿದ ಮೇಲೆ ನೋಡಬೇಕು. ಒಂದೇ ಬಾರಿ ನೋಡಿದರೆ ಸಾಲದು: ಉಪ್ಪು ಹಾಕಿದ ಮೇಲೊಮ್ಮೆ, ಹುಳಿ ಕುದಿದ ಮೇಲೊಮ್ಮೆ, ಇಳಿಸುವ ಮೊದಲೊಮ್ಮೆ. ಪ್ರತಿ ಬಾರಿಯೂ "ಚೆನ್ನಾಗಿದೆಯೇ?" ಎಂದು ಕೇಳಿಕೊಳ್ಳುವುದಕ್ಕಿಂತ, "ಯಾವುದು ಮುಂದೆ ನಿಂತಿದೆ, ಯಾವುದು ಹಿಂದೆ ಬಿದ್ದಿದೆ?" ಎಂದು ಕೇಳಿಕೊಳ್ಳಿರಿ. ಏನೋ ಕಡಿಮೆ ಎನಿಸಿ, ಅದೇನೆಂದು ತಿಳಿಯದಿದ್ದರೆ ಒಂದು ಬಟ್ಟಲಿಗೆ ಸ್ವಲ್ಪ ಸಾರು ತೆಗೆದುಕೊಂಡು ಅದಕ್ಕೆ ಮಾತ್ರ ಉಪ್ಪು ಸೇರಿಸಿ ನೋಡಿ, ಇನ್ನೊಂದು ಬಟ್ಟಲಿಗೆ ಹುಳಿ. ಉತ್ತರ ಅಲ್ಲಿ ಸಿಗುತ್ತದೆ, ಪಾತ್ರೆಯೂ ಸುರಕ್ಷಿತವಾಗಿ ಉಳಿಯುತ್ತದೆ.

ತಪ್ಪಿದ್ದನ್ನು ತಿದ್ದಲು ಬಾರದವರಿಗೆ ಧೈರ್ಯವಾಗಿ ಅಡುಗೆ ಮಾಡಲು ಆಗುವುದಿಲ್ಲ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ತೆಗೆಯುವ ರೂಢಿಯಿದೆ. ಅದು ತಾನು ಹೀರಿದ ಸಾರಿನ ಉಪ್ಪನ್ನು ಮಾತ್ರ ಒಯ್ಯುತ್ತದೆ, ಉಳಿದ ಸಾರು ಹಾಗೆಯೇ ಇರುತ್ತದೆ. ಉಪ್ಪಿಲ್ಲದೆ ಬೆಂದ ಬೇಳೆಯನ್ನೋ, ಕಾಯಿ ರುಬ್ಬಿದ್ದನ್ನೋ, ಬಿಸಿನೀರನ್ನೋ ಸೇರಿಸಿ ಪ್ರಮಾಣವನ್ನೇ ಹೆಚ್ಚಿಸುವುದೊಂದೇ ನಿಜವಾದ ದಾರಿ. ಹುಳಿ ಮುಂದಾದರೆ ಬೆಲ್ಲ ಅದನ್ನು ತೆಗೆಯುವುದಿಲ್ಲ, ಸರಿದೂಗಿಸುತ್ತದೆ. ಖಾರ ಜಿಡ್ಡಿನಲ್ಲಿ ಕರಗುವ ಗುಣದ್ದಾದ್ದರಿಂದ ನೀರಿಗಿಂತ ತುಪ್ಪ, ಕಾಯಿಹಾಲು, ಮೊಸರು ಅದಕ್ಕೆ ಮದ್ದು. ಸೀದ ಮೆಂತ್ಯ, ಸೀದ ಬೆಳ್ಳುಳ್ಳಿಗಳಿಗೆ ಮಾತ್ರ ಮದ್ದಿಲ್ಲ; ಆ ಒಗ್ಗರಣೆಯನ್ನು ಸಾರಿಗೆ ಸುರಿಯದೆ ಚೆಲ್ಲಿ, ಹೊಸದು ಹಾಕುವುದೇ ಸರಿ. ಎರಡು ಚಮಚ ಎಣ್ಣೆಗೆ ಮರುಗಿ ಇಡೀ ಪಾತ್ರೆಯನ್ನು ಕೆಡಿಸಿದ್ದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಆರನೆಯ ಹೆಜ್ಜೆ: ಸಾಮಗ್ರಿಯ ಮಾತು ಕೇಳುವುದು

ಮನೆಯಲ್ಲೇ ಅಡುಗೆ ನಿಶ್ಚಯಿಸಿಕೊಂಡು ಚೀಟಿ ಹಿಡಿದು ಸಂತೆಗೆ ಹೋಗುವವರಿಗೆ ಸಂತೆ ಏನನ್ನೂ ಕಲಿಸುವುದಿಲ್ಲ. ಮೊದಲು ಒಂದು ಸುತ್ತು ಬರಿಗೈಯಲ್ಲಿ ತಿರುಗಿ, ಯಾವುದು ಇಂದು ಚೆನ್ನಾಗಿದೆ ಎಂದು ನೋಡಿ, ಆಮೇಲೆ ಅಡುಗೆಯನ್ನು ತೀರ್ಮಾನಿಸಿರಿ. ಹಾಸನದ ಆಲೂಗಡ್ಡೆಯನ್ನೇ ನೋಡಿ. ಮುಂಗಾರಿನಲ್ಲಿ ನೆಟ್ಟು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕೀಳುವ ಹೊಸ ಗೆಡ್ಡೆಯ ಸಿಪ್ಪೆ ಉಗುರಿಗೇ ಸುಲಿದು ಬರುವಷ್ಟು ತೆಳು, ಒಳಗೆ ನೀರಿನಂಶ ಹೆಚ್ಚು. ಅದು ಪಲ್ಯಕ್ಕೆ, ಹುಳಿಗೆ ಚೆನ್ನ. ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇದ್ದ ಗೆಡ್ಡೆಯಲ್ಲಿ ಪಿಷ್ಟದ ಒಂದಂಶ ಸಕ್ಕರೆಯಾಗಿರುವುದರಿಂದ ಕರಿದಾಗ ಬೇಯುವ ಮೊದಲೇ ಕಪ್ಪಗಾಗುತ್ತದೆ. ಅದಕ್ಕೆ ಉರಿ ಕಡಿಮೆ ಇರಬೇಕು. ಎರಡಕ್ಕೂ ಪುಸ್ತಕದಲ್ಲಿ ಹೆಸರು ಆಲೂಗಡ್ಡೆ ಎಂದೇ ಇರುತ್ತದೆ.

ಅಕ್ಕಿಯದೂ ಇದೇ ಕತೆ. ಸಂಕ್ರಾಂತಿಯ ಆಸುಪಾಸಿನ ಹೊಸ ಅಕ್ಕಿ ಕಡಿಮೆ ನೀರು ಬೇಡುತ್ತದೆ, ಬೇಗ ಅಂಟಾಗುತ್ತದೆ. ವರ್ಷ ಹಳೆಯದಾದ ಅಕ್ಕಿ ಹೆಚ್ಚು ನೀರು ಕುಡಿದು ಉದುರಾಗುತ್ತದೆ. ರೊಟ್ಟಿಗೆ ಹಿಟ್ಟಿನಷ್ಟೇ ನೀರು ಎಂದು ತವರಿನಲ್ಲಿ ಹೇಳುತ್ತಿದ್ದರೂ ಅಮ್ಮ ಕುದಿಯುವ ನೀರಿನಲ್ಲಿ ಒಂದು ಲೋಟವನ್ನು ಯಾವಾಗಲೂ ಪಕ್ಕಕ್ಕೆ ತೆಗೆದಿಟ್ಟು, ಹಿಟ್ಟು ಕೇಳಿದರೆ ಮಾತ್ರ ಕೊಡುತ್ತಿದ್ದರು. ಬಿಸಿಗೆ ಅಕ್ಕಿಯ ಪಿಷ್ಟ ಉಬ್ಬಿ ಅಂಟು ಬಿಡುವುದರಿಂದಲೇ ಆ ಹಿಟ್ಟು ಬಿರಿಯದೆ ತಟ್ಟಲು ಬರುತ್ತದೆ; ತಣ್ಣೀರಿನಲ್ಲಿ ಕಲಸಿದರೆ ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಆಷಾಢದ ಮಳೆಯಲ್ಲಿ ಇಡ್ಲಿ ಹಿಟ್ಟು ಬೆಳಗಿನವರೆಗೂ ಉಬ್ಬದಿದ್ದರೆ ಗಾಬರಿಪಡದೆ, ಒಲೆಯ ಬಳಿಯ ಬೆಚ್ಚಗಿನ ಜಾಗದಲ್ಲಿಟ್ಟು ಇನ್ನಷ್ಟು ಗಂಟೆ ಕಾಯಬೇಕು.

ಹುಳಿಯ ಆಯ್ಕೆ ನಮ್ಮ ಸೀಮೆಯ ದೊಡ್ಡ ಭಾಗ್ಯ. ಬೇಸಿಗೆಯಲ್ಲಿ ಮಾವಿನಕಾಯಿ, ಮಳೆಯಲ್ಲಿ ಅಮಟೆಕಾಯಿ, ಹಿತ್ತಿಲಲ್ಲಿ ಹೇರಳೆ, ಸದಾ ಹುಣಸೆ ಮತ್ತು ಟೊಮೆಟೊ. ಹುಣಸೆ ಕುದಿದಷ್ಟೂ ದುಂಡಾಗುತ್ತದೆ; ನಿಂಬೆಯನ್ನು ಇಳಿಸಿದ ಮೇಲೆಯೇ ಹಿಂಡಬೇಕು, ಕುದಿಸಿದರೆ ಘಮ ಹಾರಿ ಕಹಿ ಉಳಿಯುತ್ತದೆ.

ಏಳನೆಯ ಹೆಜ್ಜೆ: ಚೌಕಟ್ಟು ಹಿಡಿದು ಹೊಸದು ಕಟ್ಟುವುದು

ಸ್ವಂತ ಅಡುಗೆ ಎಂದರೆ ಗೊತ್ತುಗುರಿಯಿಲ್ಲದೆ ಬೆರೆಸುವುದಲ್ಲ. ಷಟ್ಪದಿಗೆ ಆರು ಸಾಲಿನ ಕಟ್ಟಿದ್ದರೂ ಅದರೊಳಗೆ ಕವಿ ಬೇಕಾದದ್ದನ್ನು ಹೇಳುವಂತೆ, ಅಡುಗೆಗೂ ಕಟ್ಟುಗಳಿವೆ. ಮಲೆನಾಡಿನ ತಂಬುಳಿ ಅಂಥ ಅತ್ಯಂತ ಉದಾರವಾದ ಕಟ್ಟು. ಒಂದು ಸೊಪ್ಪು, ಚಿಗುರು ಅಥವಾ ಬೇರನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಡನೆ ಬಾಡಿಸುವುದು. ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬುವುದು. ಆರಿದ ಮೇಲೆ ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕುವುದು. ಸಣ್ಣ ಒಗ್ಗರಣೆ ಕೊಡುವುದು. ಈ ನಾಲ್ಕು ಕೆಲಸ ಬದಲಾಗುವುದಿಲ್ಲ. ಮೊದಲ ಜಾಗದಲ್ಲಿ ಒಂದೆಲಗ, ದೊಡ್ಡಪತ್ರೆ, ಪೇರಲೆಯ ಚಿಗುರು, ದಾಳಿಂಬೆಯ ಸಿಪ್ಪೆ, ಶುಂಠಿ, ನೆಲ್ಲಿಕಾಯಿ ಯಾವುದನ್ನು ಕೂರಿಸಿದರೂ ಹೊಸದೊಂದು ತಂಬುಳಿ ಹುಟ್ಟುತ್ತದೆ.

ಆಯ್ಕೆ ನಿಮ್ಮದಾದ್ದರಿಂದ ವಿವೇಚನೆಯೂ ನಿಮ್ಮದೇ. ದೊಡ್ಡಪತ್ರೆಯ ಘಾಟು ಬಲವಾದದ್ದು. ಅರ್ಧ ಬಟ್ಟಲು ಕಾಯಿಗೆ ಎಂಟು ಹತ್ತು ಎಲೆ ಸಾಕು, ಅದರ ಜೊತೆ ಶುಂಠಿಯನ್ನೂ ತುಂಬಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಒಂದೆಲಗ ಸೌಮ್ಯ, ಹಿಡಿಯಷ್ಟು ಹಾಕಬಹುದು. ಪೇರಲೆಯ ಚಿಗುರು ಒಗರು, ಅದಕ್ಕೆ ಹುಳಿ ಕಡಿಮೆಯಿರುವ ಹೊಸ ಮಜ್ಜಿಗೆಯೇ ಹೊಂದುತ್ತದೆ. ಕಳೆದ ಮಳೆಗಾಲದಲ್ಲಿ ತವರಿಗೆ ಹೋದಾಗ ನಾನು ದೊಡ್ಡಪತ್ರೆಯ ತಂಬುಳಿಗೆ ಅರಸೀಕೆರೆಯ ಮನೆಯ ಕೊಬ್ಬರಿಯನ್ನು ಹುರಿದು ರುಬ್ಬಿದೆ, ಒಗ್ಗರಣೆಗೆ ಜೀರಿಗೆ ಮೆಣಸು ಎಂಬ ಪುಟ್ಟ ಮೆಣಸಿನಕಾಯಿ ಹಾಕಿದೆ. ಅಮ್ಮ ಎರಡನೆಯ ಸಲ ಅನ್ನಕ್ಕೆ ಬಡಿಸಿಕೊಂಡು, "ಇದು ನಮ್ಮನೇದೂ ಅಲ್ಲ, ನಿಮ್ಮತ್ತೆ ಮನೇದೂ ಅಲ್ಲ, ನಿಂದು" ಎಂದರು. ಆ ಮಾತಿಗಾಗಿ ನಾನು ಎಷ್ಟು ವರ್ಷ ಅಡುಗೆ ಮಾಡಿದ್ದೆನೋ ಅಷ್ಟೂ ಸಾರ್ಥಕವೆನಿಸಿತು.

ಹೀಗೆ ಚೆನ್ನಾಗಿ ಬಂದದ್ದನ್ನು ಅಂದೇ ರಾತ್ರಿ ಎರಡು ಸಾಲಿನಲ್ಲಿ ಬರೆದಿಡಿ. ಗ್ರಾಂ ಲೆಕ್ಕಕ್ಕಿಂತ ಗಮನಿಸಿದ್ದನ್ನು ಬರೆಯುವುದು ಮುಖ್ಯ: "ಜೋರು ಮಳೆ, ಹೊಸ ಅಕ್ಕಿ, ನೀರು ಕಾಲು ಲೋಟ ಉಳಿಯಿತು" ಎಂಬಂತೆ.

ಕೈಯಳತೆಗೆ ಬಿಡಬಾರದವು

ಕೆಲವು ವಿಷಯಗಳಲ್ಲಿ ಸ್ವಾತಂತ್ರ್ಯ ಸಲ್ಲದು. ಎಳೆ ಬಿದಿರಿನ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿದ ನಂತರವೇ ಬಳಸಬೇಕೆಂಬ ಮಲೆನಾಡಿನ ನಿಯಮವನ್ನು ಒಂದು ದಿನವೂ ಕಡಿತಗೊಳಿಸಬಾರದು. ಕೆಸುವಿನ ಎಲೆಯ ತುರಿಕೆಗೆ ಸೂಜಿಯಂಥ ಆಕ್ಸಲೇಟ್ ಹರಳುಗಳು ಕಾರಣ. ಪತ್ರೊಡೆಗೆ ಹುಣಸೆ ಧಾರಾಳವಾಗಿರಬೇಕು, ಬೇಯುವುದು ಪೂರ್ಣವಾಗಬೇಕು. ಕಾಡಿನ ಅಣಬೆಯನ್ನು ಗುರುತಿಸಬಲ್ಲ ಹಿರಿಯರು ಜೊತೆಯಲ್ಲಿಲ್ಲದಿದ್ದರೆ ಕೀಳಲೇಬಾರದು. ಉಪ್ಪಿನಕಾಯಿಯ ಉಪ್ಪನ್ನು ನಾಲಿಗೆಯ ಹಿತಕ್ಕೆ ಕಡಿಮೆ ಮಾಡಿದರೆ ಮಿಡಿ ಕೆಡುತ್ತದೆ.

ಮರುದಿನದ ಪಾಠ

ಬಸ್ಸಾರನ್ನು ಒಂದು ಬಟ್ಟಲು ಉಳಿಸಿ, ಆರಿದ ಮೇಲೆ ಮುಚ್ಚಿ ಫ್ರಿಡ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಬಿಸಿಮಾಡುವ ಮೊದಲು ಒಂದು ಚಮಚ ನೋಡಿರಿ. ರಾತ್ರಿ ಬೇರೆಬೇರೆಯಾಗಿ ನಿಂತಿದ್ದ ಬೆಳ್ಳುಳ್ಳಿ, ಹುಳಿ, ಕಾಯಿ ಈಗ ಬೆರೆತಿರುತ್ತವೆ. ಹಾಗೆ ಬೆರೆತ ರುಚಿಯನ್ನು ನಾಲಿಗೆಯಲ್ಲಿ ಇಟ್ಟುಕೊಂಡರೆ ಮುಂದಿನ ಸಲ ಒಲೆಯ ಮೇಲೆ ಯಾವ ಕಡೆಗೆ ನಡೆಯಬೇಕೆಂದು ತಿಳಿಯುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಕುದಿಸಿರಿ. ಕುದಿದಂತೆ ನೀರು ಆವಿಯಾಗಿ ಉಪ್ಪು ಮುಂದಾಗುತ್ತದೆ, ಆದ್ದರಿಂದ ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕದೆ, ಮೊದಲು ಅರ್ಧ ಸೌಟು ಬಿಸಿನೀರು ಬಿಟ್ಟು, ಅಂಗೈಗೆ ಎರಡು ಹನಿ ಹಾಕಿಕೊಂಡು ನೋಡಿ, ಮುದ್ದೆಗೆ ಎಸರಿಡಿ.